ಓದಿನ ಮೊದಲ ಪದ: ಒಂದನೆಯ ತರಗತಿಯ ಕನ್ನಡ ಮತ್ತು ಮಗುವಿನ ಮನೆಮಾತು

1

ಕನ್ನಡ ಅಧ್ಯಯನ ವಿಭಾಗಗಳ ಸಂಶೋಧನೆಯ ಹರವು ಶಾಸನಗಳಿಂದ ಹಿಡಿದು ಜನಪದ ಮಹಾಕಾವ್ಯಗಳವರೆಗೆ, ಹಳಗನ್ನಡ ವ್ಯಾಕರಣದಿಂದ ಹಿಡಿದು ದಲಿತ ಆತ್ಮಕಥನಗಳವರೆಗೆ ಚಾಚಿಕೊಂಡಿದೆ. ಆದರೆ ಆರು ವರ್ಷದ ಮಗುವೊಂದು ಕನ್ನಡದ ಪದವನ್ನು ಮೊದಲ ಬಾರಿಗೆ ಓದುವ ಗಳಿಗೆಯತ್ತ ಈ ಸಂಶೋಧನೆ ತಿರುಗಿ ನೋಡಿದ್ದು ಕಡಿಮೆ. ಅದು ಶಿಕ್ಷಣಶಾಸ್ತ್ರದವರ ಕೆಲಸ, ಡಯಟ್‌ಗಳ ಕೆಲಸ, ಪ್ರಾಥಮಿಕ ಶಾಲೆಯ ಶಿಕ್ಷಕರ ಕೆಲಸ ಎಂಬ ಅಲಿಖಿತ ಒಪ್ಪಂದವೊಂದು ಚಾಲ್ತಿಯಲ್ಲಿದೆ. ಕನ್ನಡದ ಉಳಿವನ್ನು ಕುರಿತ ವಾಗ್ವಾದವಾದರೂ ಬಹುಮಟ್ಟಿಗೆ ಶಿಕ್ಷಣ ಮಾಧ್ಯಮದ ಪ್ರಶ್ನೆಯ ಸುತ್ತಲೇ ತಿರುಗಿದೆ. 1981ರ ಗೋಕಾಕ್ ವರದಿ, 1982ರ ಚಳವಳಿ, 1994ರ ಸರ್ಕಾರಿ ಆದೇಶ, 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆದದ್ದು - ಈ ಎಲ್ಲ ಸಂದರ್ಭಗಳಲ್ಲಿಯೂ ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಎಂಬುದೇ ಪ್ರಶ್ನೆಯಾಗಿತ್ತು. ಕನ್ನಡ ಮಾಧ್ಯಮದ ಶಾಲೆಗೆ ಬಂದು ಕುಳಿತ ಮಗು ಕನ್ನಡವನ್ನು ಓದಲು ನಿಜಕ್ಕೂ ಕಲಿಯುತ್ತಿದೆಯೇ ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು.

ಈ ಪ್ರಶ್ನೆಗೆ ದೊರೆಯುವ ಉತ್ತರ ಸಮಾಧಾನ ತರುವಂಥದಲ್ಲ. 2022ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದ ಐದನೆಯ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೆಯ ತರಗತಿಯ ಪಠ್ಯವನ್ನು ಸರಾಗವಾಗಿ ಓದಲಾರರು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದು ಇದಕ್ಕೆ ಒಂದು ಕಾರಣ, ನಿಜ. ಆದರೆ ಅದಕ್ಕೂ ಮೊದಲಿನ ವರ್ಷಗಳ ಚಿತ್ರವೂ ಉಜ್ವಲವಾಗಿರಲಿಲ್ಲ. ಶಿಕ್ಷಕರ ಕೊರತೆ, ಬಹುವರ್ಗ ಬೋಧನೆ, ಬಡತನ, ವಲಸೆ ಮುಂತಾದ ಕಾರಣಗಳನ್ನು ಎಲ್ಲರೂ ಬಲ್ಲರು. ಇವುಗಳ ನಡುವೆ ಕನ್ನಡದ ವಿದ್ವಾಂಸರು ಮಾತ್ರ ಗುರುತಿಸಬಲ್ಲ, ಗುರುತಿಸಬೇಕಾದ ಕಾರಣವೊಂದಿದೆ. ಓದಿನ ಮೊದಲ ವರ್ಷದಲ್ಲಿ ಮಗುವಿನ ಮುಂದಿಡುವ ಪದಗಳು ಮಗುವಿನ ಮನೆಯವಲ್ಲ ಎಂಬುದೇ ಆ ಕಾರಣ.

2

ಕನ್ನಡ ವರ್ಣಮಾಲೆಯ 49 ಅಕ್ಷರಗಳನ್ನು ಗೋಡೆಯ ಪಟದಲ್ಲಿ ಚಿತ್ರಸಹಿತ ಬರೆಯುವ ರೂಢಿ ಹಳೆಯದು. ಈಶ, ಋಷಿ, ಐರಾವತ, ಔಷಧ, ಖಡ್ಗ, ಝರಿ, ಠಸ್ಸೆ ಮುಂತಾದ ಪದಗಳು ಈ ಪಟಗಳ ಮೂಲಕ ಹಲವು ತಲೆಮಾರುಗಳಿಗೆ ಪರಿಚಿತವಾಗಿವೆ. ಇದರ ಹಿಂದೆ ಯಾರದೋ ಹುನ್ನಾರವನ್ನು ಹುಡುಕಬೇಕಾಗಿಲ್ಲ. ಹತ್ತು ಮಹಾಪ್ರಾಣಗಳು, ಶ, ಷ, ಋ, ಐ, ಔ - ಇವು ಬರುವ ಪದಗಳು ಹೆಚ್ಚಾಗಿ ಸಂಸ್ಕೃತದಿಂದ ಬಂದವು. ಪ್ರತಿಯೊಂದು ಅಕ್ಷರಕ್ಕೂ ಸಮಾನ ಸ್ಥಾನ ನೀಡಹೊರಟ ಪಟವು ತಾನಾಗಿಯೇ ಪುರಾಣದ, ಅರಮನೆಯ, ಆಶ್ರಮದ ಜಗತ್ತಿನತ್ತ ವಾಲುತ್ತದೆ. ಅಕ್ಷರಗಳ ಲೆಕ್ಕ ಸರಿಹೋಗುತ್ತದೆ. ಮಗುವಿನ ಲೋಕ ಹೊರಗುಳಿಯುತ್ತದೆ.

ಈ ಕ್ರಮವನ್ನು ಮುರಿದ ಶ್ರೇಯಸ್ಸು ನಲಿ-ಕಲಿಗೆ ಸಲ್ಲಬೇಕು. ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ವಿಧಾನವು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಅ, ಆ, ಇ, ಈ ಎಂಬ ಸಾಲನ್ನು ಕೈಬಿಟ್ಟು ರ, ಗ, ಸ, ದ, ಅ ಎಂಬ ಗುಂಪಿನಿಂದ ಓದನ್ನು ಆರಂಭಿಸಿದ್ದು ಸಣ್ಣ ಬದಲಾವಣೆಯಲ್ಲ. ಕಡಿಮೆ ಅಕ್ಷರಗಳಿಂದಲೇ ಮಗು ಪದವನ್ನು ಕಟ್ಟಬಲ್ಲದು ಎಂಬ ವಿಶ್ವಾಸ ಅದರಲ್ಲಿದೆ. ಆದರೂ ಈ ಐದು ಅಕ್ಷರಗಳಿಂದ ಹುಟ್ಟುವ ಪದಗಳು ಯಾವುವು? ಸರ, ರಸ, ದರ, ಅರಸ, ಅಗಸ, ಗರಗಸ. ಇಲ್ಲಿಯೂ ಅಕ್ಷರದ ಅನುಕೂಲವೇ ಪದದ ಆಯ್ಕೆಯನ್ನು ನಿರ್ಧರಿಸಿದೆ.

ಈಗ ಮಗುವಿನ ಮನೆಯ ಪದಗಳನ್ನು ಗಮನಿಸಬಹುದು. ಅಮ್ಮ, ಅಪ್ಪ, ಅವ್ವ, ಅಜ್ಜಿ, ಅಕ್ಕ, ಅಣ್ಣ, ತಮ್ಮ, ಅತ್ತೆ, ದೊಡ್ಡಪ್ಪ ಎಂಬ ನಂಟಿನ ಪದಗಳು. ರೊಟ್ಟಿ, ಮುದ್ದೆ, ಅನ್ನ, ಹಿಟ್ಟು, ಬೆಲ್ಲ, ಬೆಣ್ಣೆ, ಉಪ್ಪು, ಸೊಪ್ಪು, ಮಜ್ಜಿಗೆ ಎಂಬ ಊಟದ ಪದಗಳು. ಎಮ್ಮೆ, ಎತ್ತು, ಬೆಕ್ಕು, ಗುಬ್ಬಿ. ಕಣ್ಣು, ಹಲ್ಲು, ಹೊಟ್ಟೆ, ಬೆನ್ನು. ಕಲ್ಲು, ಮಣ್ಣು, ಹುಲ್ಲು, ಹಳ್ಳ, ಗುಡ್ಡ. ಇವುಗಳಲ್ಲಿ ಒತ್ತಕ್ಷರವಿಲ್ಲದ ಒಂದು ಪದವೂ ಇಲ್ಲ. ತಾಯಿ, ಮಾವ, ತಂಗಿ, ನಾಯಿ, ಕೋಳಿ, ಕೈ, ಕಾಲು ಮುಂತಾದ ಅಪವಾದಗಳು ಇದ್ದೇ ಇವೆ. ಆದರೂ ಅಚ್ಚಗನ್ನಡದ ಮನೆಬಳಕೆಯ ಪದಕೋಶದಲ್ಲಿ ದ್ವಿತ್ವದ ಪ್ರಾಚುರ್ಯ ಎದ್ದು ಕಾಣುವಂಥದು. ಮೊದಲು ಮೂಲಾಕ್ಷರ, ಬಳಿಕ ಕಾಗುಣಿತ, ಕೊನೆಗೆ ಒತ್ತಕ್ಷರ ಎಂಬ ಬೋಧನೆಯ ಕ್ರಮವು ಈ ಪದಗಳನ್ನು ಓದಿನಿಂದ ಬಹುಕಾಲ ದೂರವಿಡುತ್ತದೆ. 34 ವ್ಯಂಜನಗಳ ಕಾಗುಣಿತವೇ ಐನೂರರ ಗಡಿ ದಾಟುವುದರಿಂದ ಈ ಕಾಯುವಿಕೆ ಅಲ್ಪಕಾಲದ್ದಲ್ಲ. ಕನ್ನಡದ ಮಕ್ಕಳ ಆರಂಭಿಕ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದನ್ನು ತೋರಿಸಿದೆ. ಅಂದರೆ ಗರಗಸವನ್ನು ಓದಬಲ್ಲ ಮಗು ಅಮ್ಮನನ್ನು ಓದಲು ತಿಂಗಳುಗಟ್ಟಲೆ ಕಾಯಬೇಕು.

ಸರಳದಿಂದ ಕ್ಲಿಷ್ಟದ ಕಡೆಗೆ ಸಾಗಬೇಕೆಂಬುದು ಈ ಕ್ರಮದ ಸಮರ್ಥನೆ. ಆದರೆ ಯಾವುದು ಸರಳ? ಕಣ್ಣಿಗೆ ಸರಳವಾದುದು ಕಿವಿಗೆ ಅಪರಿಚಿತವಾಗಿದ್ದರೆ ಅದು ಮಗುವಿಗೆ ಸರಳವಾಗುವುದಿಲ್ಲ. ಸಜಾತೀಯ ಒತ್ತಕ್ಷರವು ಹೊಸ ಧ್ವನಿಯನ್ನೇನೂ ತರುವುದಿಲ್ಲ; ಇರುವ ಧ್ವನಿಯನ್ನೇ ಇಮ್ಮಡಿಸುತ್ತದೆ. ಬಳಕೆಯಲ್ಲಿರುವ ಸಜಾತೀಯ ಒತ್ತುಗಳು ಇಪ್ಪತ್ತರ ಆಸುಪಾಸಿನವು. ಕ, ಗ, ಚ, ಟ, ಡ, ದ, ಪ, ಬ, ಳ ಮೊದಲಾದವುಗಳ ಒತ್ತು ತಲೆಕಟ್ಟಿಲ್ಲದ ಮೂಲ ರೂಪವೇ ಆಗಿದೆ. ತ, ನ, ಮ, ಯ, ಲ ಮುಂತಾದ ಕೆಲವಕ್ಕೆ ಮಾತ್ರ ಬೇರೆ ಆಕೃತಿಯನ್ನು ಕಲಿಯಬೇಕು. ಅರ್ಥ, ಸೂರ್ಯ, ಕೃಷ್ಣ, ಶಾಸ್ತ್ರಗಳಂತಹ ವಿಜಾತೀಯ ಸಂಯುಕ್ತಾಕ್ಷರಗಳ ತೊಡಕನ್ನು ಸಜಾತೀಯ ಒತ್ತಿಗೂ ಆರೋಪಿಸಿ ಎರಡನ್ನೂ ಒಟ್ಟಿಗೆ ಹಿಂದೂಡಿರುವುದು ಬೋಧನೆಯ ಅಭ್ಯಾಸಬಲವೇ ಹೊರತು ಭಾಷಾಶಾಸ್ತ್ರದ ನಿಯಮವಲ್ಲ.

ನ್ಯೂಜಿಲೆಂಡಿನ ಮಾವೊರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಅವರ ಅನುಭವ ಇಲ್ಲಿ ಸ್ಮರಣೀಯ. 1963ರಲ್ಲಿ ಪ್ರಕಟವಾದ 'ಟೀಚರ್' ಕೃತಿಯಲ್ಲಿ ಅವರು ವಿವರಿಸಿರುವಂತೆ, ಸಿದ್ಧ ಪಠ್ಯದ ಪದಗಳನ್ನು ತಿಂಗಳುಗಟ್ಟಲೆ ಓದಲಾರದ ಮಕ್ಕಳು ತಮ್ಮ ಭಯ ಮತ್ತು ಪ್ರೀತಿಗಳಿಗೆ ಸಂಬಂಧಿಸಿದ, ತಾವೇ ಕೇಳಿ ಬರೆಸಿಕೊಂಡ ಪದವನ್ನು ಒಂದೇ ನೋಟಕ್ಕೆ ಗುರುತಿಸುತ್ತಿದ್ದರು. ಆ ಪದಗಳು ಅಕ್ಷರಗಳ ದೃಷ್ಟಿಯಿಂದ ಸುಲಭವಾಗಿರಬೇಕಾಗಿರಲಿಲ್ಲ, ಮಗುವಿನವಾಗಿದ್ದರೆ ಸಾಕಾಗಿತ್ತು.

3

ಪದದ ಆಯ್ಕೆಯಷ್ಟೇ ಮುಖ್ಯವಾದುದು ಮಗು ಅದನ್ನು ಉಚ್ಚರಿಸುವ ಬಗೆ. ಧಾರವಾಡ, ಬೆಳಗಾವಿ ಕಡೆಯ ಮಗು 'ಮನೆ' ಎಂಬ ಬರಹವನ್ನು ನೋಡಿ 'ಮನಿ' ಎನ್ನುತ್ತದೆ. 'ತಲೆ'ಯನ್ನು 'ತಲಿ' ಎನ್ನುತ್ತದೆ. ಹಳೆಯ ಮೈಸೂರು ಭಾಗದ ಹಳ್ಳಿಯ ಮಗು 'ಹಾಲು' ಎಂಬುದನ್ನು 'ಆಲು' ಎಂದು ಓದುತ್ತದೆ. 'ಕೆಲಸ', 'ಹುಡುಗರು' ಎಂಬ ಬರಹಗಳು ಬಹುತೇಕ ಎಲ್ಲ ಕಡೆಯೂ 'ಕೆಲ್ಸ', 'ಹುಡುಗ್ರು' ಎಂದೇ ಬಾಯಿಂದ ಹೊರಡುತ್ತವೆ. ಶಿಕ್ಷಕರು ಇದನ್ನು ತಪ್ಪೋದು ಎಂದು ಭಾವಿಸಿ ತಿದ್ದುವುದು ವಾಡಿಕೆ. ವಾಸ್ತವವಾಗಿ 'ಮನೆ'ಯನ್ನು 'ಮನಿ' ಎಂದ ಮಗು ಅಕ್ಷರಗಳನ್ನು ಗುರುತಿಸಿದೆ, ಪದವನ್ನು ಹಿಡಿದಿದೆ, ಅರ್ಥವನ್ನು ತಲುಪಿದೆ, ಅದನ್ನು ತನ್ನ ಮಾತಿಗೆ ಹೊಂದಿಸಿಕೊಂಡಿದೆ. ಇದು ಓದಿನ ಸಿದ್ಧಿ. 'ಮ', 'ನೆ' ಎಂದು ಬಿಡಿಬಿಡಿಯಾಗಿ ಉಚ್ಚರಿಸಿ ಅರ್ಥವನ್ನು ತಲುಪದ ಮಗುವಿನದು ಇನ್ನೂ ಆಗಬೇಕಾದ ಓದು. ತರಗತಿಯಲ್ಲಿ ಮೊದಲನೆಯ ಮಗು ತಿದ್ದಿಸಿಕೊಳ್ಳುತ್ತದೆ, ಎರಡನೆಯದು ತೇರ್ಗಡೆಯಾಗುತ್ತದೆ.

ಅಮೆರಿಕದಲ್ಲಿ ಕಪ್ಪು ಜನರ ಇಂಗ್ಲಿಷ್ ಮತ್ತು ಓದಿನ ಸಂಬಂಧವನ್ನು ಶೋಧಿಸಿದ ಕೆನೆತ್ ಗುಡ್‌ಮನ್ ಅವರ ವಿಚಾರ ಈ ವಿಷಯದಲ್ಲಿ ಮುಖ್ಯವಾದುದು. ಮಗುವಿನ ಉಪಭಾಷೆ ಶಿಷ್ಟಭಾಷೆಯಿಂದ ದೂರವಾದಷ್ಟೂ ಓದಿನ ಕಲಿಕೆ ಕಷ್ಟವಾಗುತ್ತದೆ ಎಂದು ಅವರು 1965ರಲ್ಲಿ ಊಹಿಸಿದ್ದರು. ಮಕ್ಕಳು ಓದುವುದನ್ನು ವರ್ಷಗಳ ಕಾಲ ಆಲಿಸಿದ ಮೇಲೆ, ಕ್ಯಾಥರೀನ್ ಬಕ್ ಅವರೊಂದಿಗೆ 1973ರಲ್ಲಿ ಬರೆದ ಲೇಖನದಲ್ಲಿ, ಆ ಊಹೆಯನ್ನು ಅವರೇ ಕೈಬಿಟ್ಟರು. ಅಡ್ಡಿಯಾಗಿರುವುದು ಉಪಭಾಷೆಯಲ್ಲ, ಉಪಭಾಷೆಯನ್ನು ಶಾಲೆ ತಿರಸ್ಕರಿಸುವುದೇ ಅಡ್ಡಿ ಎಂಬುದು ಅವರ ತೀರ್ಮಾನವಾಗಿತ್ತು.

ಕನ್ನಡ ವಿದ್ವತ್ತಿಗೆ ಈ ತೀರ್ಮಾನ ಅಪರಿಚಿತವಾಗಬೇಕಾಗಿಲ್ಲ. ಕನ್ನಡದ ದೇಸಿಗಳು ಎಣಿಕೆಗೆ ಸಿಗುವಂಥವಲ್ಲ, ಸಾವಿರ ನಾಲಗೆಯ ವಾಸುಕಿಯೂ ಅವನ್ನು ಅರಿಯಲು ಹೊರಟರೆ ಬೇಸರಪಡಬೇಕಾದೀತು ಎಂಬ ಆಶಯ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದಲ್ಲಿಯೇ ಇದೆ. ಅಕ್ಷರಾಭ್ಯಾಸವಿಲ್ಲದೆಯೂ ಕಾವ್ಯದಲ್ಲಿ ನುರಿತ ಜನ ಈ ನಾಡಿನವರು ಎಂಬ ಅದೇ ಕೃತಿಯ ಮಾತನ್ನು ನಾಡಿನ ಹಿರಿಮೆಗೆ ಪ್ರಮಾಣವಾಗಿ ಎಷ್ಟೋ ವೇದಿಕೆಗಳಲ್ಲಿ ಬಳಸಲಾಗಿದೆ. ಅಂಥ ಜನರ ಮಕ್ಕಳು ಅಕ್ಷರ ಕಲಿಯಲು ಬಂದಾಗ ಅವರ ನುರಿತವು ಶಾಲೆಗೆ ಯಾವ ಬಂಡವಾಳವಾಗಬೇಕು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದ್ದು ವಿರಳ. ಇನ್ನೂ ಒಂದು ವೈರುಧ್ಯವನ್ನು ಗಮನಿಸಬೇಕು. ನಂಜನಗೂಡು ಸೀಮೆಯ ಆಡುನುಡಿಯಲ್ಲಿ ಮೈದಳೆದ ದೇವನೂರ ಮಹಾದೇವ ಅವರ 'ಕುಸುಮಬಾಲೆ' 1984ರಲ್ಲಿ ಪ್ರಕಟವಾಗಿ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಬೇಂದ್ರೆಯವರ ಧಾರವಾಡ ಕನ್ನಡ, ರಾಜರತ್ನಂ ಅವರ ರತ್ನನ ಭಾಷೆ, ಕಂಬಾರರ ಬೆಳಗಾವಿ ಸೀಮೆಯ ಕನ್ನಡ ಇವೆಲ್ಲ ಸ್ನಾತಕೋತ್ತರ ತರಗತಿಗಳಲ್ಲಿ ಕನ್ನಡದ ಸತ್ವಕ್ಕೆ ನಿದರ್ಶನಗಳಾಗಿವೆ. ಎಂ.ಎ. ತರಗತಿಯಲ್ಲಿ ಕಾವ್ಯವೆನಿಸಿದ ನುಡಿಯೇ ಒಂದನೆಯ ತರಗತಿಯಲ್ಲಿ ತಪ್ಪೆನಿಸಿಕೊಳ್ಳುತ್ತಿದೆ.

4

ಮನೆಮಾತು ಕನ್ನಡವೇ ಅಲ್ಲದ ಮಕ್ಕಳ ಸ್ಥಿತಿ ಇನ್ನಷ್ಟು ಜಟಿಲವಾದುದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ಸುಮಾರು ಶೇಕಡ 66. ಉಳಿದ ಮೂರನೆಯ ಒಂದು ಭಾಗದಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಕೊಡವ ಮುಂತಾದ ಭಾಷಿಕರಿದ್ದಾರೆ. ಲಂಬಾಣಿಯನ್ನು ಜನಗಣತಿಯು ಹಿಂದಿಯ ಅಡಿಯಲ್ಲಿ ಸೇರಿಸಿರುವುದರಿಂದ ಅದರ ಚಹರೆ ಲೆಕ್ಕದಲ್ಲಿಯೂ ಮಸುಕಾಗಿದೆ. ನಲಿ-ಕಲಿ ಹುಟ್ಟಿದ ಹೆಗ್ಗಡದೇವನಕೋಟೆ ತಾಲ್ಲೂಕು ಜೇನುಕುರುಬರ ನೆಲೆಯೂ ಹೌದೆಂಬುದನ್ನು ಇಲ್ಲಿ ನೆನೆಯಬೇಕು.

ತುಳು ಮನೆಯ ಮಗುವಿಗೆ 'ಇಲ್ಲ್' ಎಂದರೆ ಮನೆ. ಕನ್ನಡ ಪಾಠದಲ್ಲಿ ಅದಕ್ಕೆ ಹತ್ತಿರದ 'ಇಲ್ಲ' ನಿಷೇಧವನ್ನು ಸೂಚಿಸುತ್ತದೆ. ಇಂಥ ಕಡೆ ಒಂದು ನಿಮಿಷದ ವಿವರಣೆ ಮಗುವಿಗೆ ಎರಡು ಭಾಷೆಗಳ ಅರಿವನ್ನು ಒಟ್ಟಿಗೆ ನೀಡಬಲ್ಲದು. ಮೌನ ಗೊಂದಲವನ್ನು ಉಳಿಸುತ್ತದೆ. ಲಂಬಾಣಿ ತಾಂಡಾದ ಮಗುವಿಗೆ ತಾಯಿ 'ಯಾಡಿ', ರೊಟ್ಟಿ 'ಬಾಟಿ'. ಈ ಎರಡು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯಲು ಒತ್ತಕ್ಷರ ಬೇಕಿಲ್ಲ. ಕಾಗುಣಿತದ ಎರಡು ಚಿಹ್ನೆಗಳು ಸಾಕು. ಲಿಪಿಯನ್ನು ತನ್ನ ನುಡಿಯ ಪದಗಳ ಮೂಲಕ ಕಲಿತ ಮಗು ಅದೇ ಲಿಪಿಯಲ್ಲಿ ಕನ್ನಡದ ಪದಗಳತ್ತ ಸಾಗುವುದು ಸುಲಭ. ಲಿಪಿ ಮತ್ತು ಭಾಷೆ ಎಂಬ ಎರಡು ಅಪರಿಚಿತಗಳನ್ನು ಏಕಕಾಲಕ್ಕೆ ಹೇರುವುದಕ್ಕಿಂತ ಇದು ವಿವೇಕದ ಮಾರ್ಗ.

ಇದಕ್ಕೆ ಕನ್ನಡದ್ದೇ ಚರಿತ್ರೆಯಲ್ಲಿ ಒತ್ತಾಸೆಯಿದೆ. ಹತ್ತೊಂಬತ್ತನೆಯ ಶತಮಾನದ ಮುಂಬಯಿ ಪ್ರಾಂತ್ಯದ ಕನ್ನಡ ಭಾಗಗಳಲ್ಲಿ ಮರಾಠಿ ಶಾಲೆಗಳ ಪ್ರಾಬಲ್ಯವಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಮನೆಯಲ್ಲಿ ಆಡದ ನುಡಿಯಲ್ಲಿ ಮಗುವಿಗೆ ಅಕ್ಷರ ಕಲಿಸುವುದು ಅನ್ಯಾಯ ಎಂಬ ಅರಿವೇ ಆ ದುಡಿಮೆಯ ತಿರುಳು. ಆ ನ್ಯಾಯವನ್ನು ಕನ್ನಡವು ಅಂದು ತನಗಾಗಿ ಬೇಡಿ ಪಡೆಯಿತು. ಇಂದು ತನ್ನ ಆಶ್ರಯದಲ್ಲಿರುವ ಸಣ್ಣ ನುಡಿಗಳಿಗೆ ಅದನ್ನು ನೀಡುವ ಸರದಿ ಕನ್ನಡದ್ದು.

ಸಂಸ್ಕೃತಿಗೆ ಸ್ಪಂದಿಸುವ ಬೋಧನೆ ಎಂದರೆ ಪುಸ್ತಕದ ಚಿತ್ರಗಳಲ್ಲಿ ಇಳಕಲ್ ಸೀರೆಯನ್ನೋ ಕಂಬಳದ ಕೋಣವನ್ನೋ ಸೇರಿಸುವುದು ಎಂದು ತಿಳಿದರೆ ಅದು ಅರೆಬರೆ ಗ್ರಹಿಕೆಯಾಗುತ್ತದೆ. ಸಂಸ್ಕೃತಿ ಮಾತಿನ ಕ್ರಮದಲ್ಲಿಯೂ ಇದೆ. 1970ರ ದಶಕದಲ್ಲಿ ಹವಾಯಿಯಲ್ಲಿ ನಡೆದ ಕಮೆಹಮೆಹ ಆರಂಭಿಕ ಶಿಕ್ಷಣ ಕಾರ್ಯಕ್ರಮದ ಅನುಭವ ಇದನ್ನು ಸ್ಪಷ್ಟಪಡಿಸುತ್ತದೆ. ಅಲ್ಲಿನ ಮೂಲನಿವಾಸಿ ಮಕ್ಕಳ ಸಮುದಾಯದಲ್ಲಿ ಕಥೆಯೆಂದರೆ ಒಬ್ಬರ ಮಾತಿಗೆ ಮತ್ತೊಬ್ಬರು ಮಾತು ಕೂಡಿಸುತ್ತ ಎಲ್ಲರೂ ಸೇರಿ ಕಟ್ಟುವಂಥದು. ಒಬ್ಬೊಬ್ಬರಾಗಿ ಕೈಯೆತ್ತಿ ಉತ್ತರಿಸಬೇಕೆಂಬ ನಿಯಮವನ್ನು ಶಿಕ್ಷಕರು ಸಡಿಲಿಸಿ, ಓದಿದ ಪಾಠವನ್ನು ಕುರಿತು ಮಕ್ಕಳು ತಮ್ಮ ರೀತಿಯಲ್ಲಿ ಕೂಡಿ ಮಾತನಾಡಲು ಬಿಟ್ಟಾಗ ಚರ್ಚೆ ಬೆಳೆಯಿತು, ಓದಿನತ್ತ ಮಕ್ಕಳ ಗಮನ ಹೆಚ್ಚಿತು ಎಂಬುದನ್ನು ಕ್ಯಾಥ್ರಿನ್ ಆವ್ ಅವರು 1980ರಲ್ಲಿ ದಾಖಲಿಸಿದರು. ಒಬ್ಬರು ಹೇಳಿ ಉಳಿದವರು ದನಿಗೂಡಿಸುವ ಸೋಬಾನೆ, ಹಂತಿಯ ಪದಗಳು, ಒಬ್ಬರು ಒಡ್ಡಿ ಗುಂಪೇ ಬಿಡಿಸುವ ಒಗಟುಗಳು ಇರುವ ನಾಡಿನಲ್ಲಿ ಇಂಥ ಮಾದರಿಯನ್ನು ಹೊರಗಿನಿಂದ ತರಬೇಕಾಗಿಲ್ಲ. ಕಾಗುಣಿತದ ಸಾಮೂಹಿಕ ಪಠಣವು ಗುಂಪಿನ ದನಿಯನ್ನು ಬಳಸುತ್ತದೆಯಾದರೂ ಅದರಲ್ಲಿ ಮಗು ತನ್ನದೇ ಮಾತನ್ನು ಸೇರಿಸಲು ಎಡೆಯಿಲ್ಲ. ಒಗಟು ಅಂಥ ಎಡೆಯನ್ನು ಕೊಡುತ್ತದೆ.

5

ಈ ವಾದಕ್ಕೆ ಎದುರಾಗುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಅವುಗಳಲ್ಲಿ ಅತ್ಯಂತ ಗಂಭೀರವಾದುದು ವಂಚಿತ ಸಮುದಾಯಗಳ ತಾಯಿತಂದೆಯರಿಂದಲೇ ಬರುವಂಥದು. ಆಡುನುಡಿ ಮನೆಯಲ್ಲಿಯೇ ಇದೆ, ಶಾಲೆ ಕಲಿಸಬೇಕಾದದ್ದು ಅಧಿಕಾರದ ಭಾಷೆಯನ್ನು ಎಂಬ ಅವರ ನಿಲುವಿನ ಹಿಂದೆ ಶತಮಾನಗಳ ಅನುಭವವಿದೆ. ಆಡುನುಡಿಯ ಸೊಗಸನ್ನು ಮೇಲ್ವರ್ಗದ ವಿದ್ವಾಂಸರು ಮೆಚ್ಚುತ್ತ, ತಮ್ಮ ಮಕ್ಕಳಿಗೆ ಮಾತ್ರ ಶಿಷ್ಟಕನ್ನಡವನ್ನೋ ಇಂಗ್ಲಿಷನ್ನೋ ಕಲಿಸಿದರೆ ಆ ಮೆಚ್ಚುಗೆ ಸಂಶಯಕ್ಕೆ ಅರ್ಹವೇ. ಆದುದರಿಂದ ಮನೆಮಾತಿನಿಂದ ಆರಂಭಿಸುವುದೆಂದರೆ ಮನೆಮಾತಿನಲ್ಲಿಯೇ ನಿಲ್ಲಿಸುವುದಲ್ಲ ಎಂಬುದು ಸ್ಪಷ್ಟವಾಗಿರಬೇಕು. ಮಗು ಶಿಷ್ಟಬರಹವನ್ನು ಪೂರ್ಣವಾಗಿ ವಶಪಡಿಸಿಕೊಳ್ಳಬೇಕು. ಅದು ಅದರ ಹಕ್ಕು. ಆ ಹಕ್ಕಿಗೆ ತಲುಪುವ ಮಾರ್ಗ ಅವಮಾನದ ಮೂಲಕ ಹಾದುಹೋಗಬೇಕಾಗಿಲ್ಲ ಎಂಬುದಷ್ಟೇ ಇಲ್ಲಿನ ವಾದ. ಮೊದಲ ವರ್ಷವೇ ತನ್ನ ನುಡಿ ತಪ್ಪೆಂದು ಕಲಿತ ಮಗು ಎರಡನೆಯ ವರ್ಷ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮಗುವಿಗೆ ಯಾವ ಭಾಷೆಯನ್ನೂ ಕಲಿಸಲಾಗದು.

ರಾಜ್ಯಕ್ಕೆಲ್ಲ ಒಂದೇ ಪಠ್ಯ ಬೇಕು, ಒಂದೇ ತರಗತಿಯಲ್ಲಿ ಮೂರು ನಾಲ್ಕು ಮನೆಮಾತುಗಳಿರುತ್ತವೆ ಎಂಬುದು ಮತ್ತೊಂದು ಆಕ್ಷೇಪ. ಹೆಗ್ಗಡದೇವನಕೋಟೆಯ ಮೊದಲ ದಿನಗಳಲ್ಲಿ ನಲಿ-ಕಲಿಯ ಸಾಮಗ್ರಿಯನ್ನು ರೂಪಿಸುವುದರಲ್ಲಿ ಸ್ಥಳೀಯ ಶಿಕ್ಷಕರೇ ತೊಡಗಿದ್ದರು. ವಿಸ್ತರಣೆಯ ನಂತರ ರಾಜ್ಯದ ಎಲ್ಲೆಡೆಗೂ ಸಿದ್ಧ ಕಾರ್ಡುಗಳು ಬಂದವು. ಸಿದ್ಧ ಕಾರ್ಡು ಕೂಡದೆಂದಲ್ಲ. ಅದರ ಪಕ್ಕದಲ್ಲಿ ಖಾಲಿ ಕಾರ್ಡುಗಳಿಗೂ ಸ್ಥಾನವಿರಬೇಕು. ಮಕ್ಕಳು ಹೇಳಿದ ಪದವನ್ನು ಶಿಕ್ಷಕರು ಅದರಲ್ಲಿ ಬರೆದುಕೊಡಬಹುದು. 'ಮನಿ' ಎಂಬ ಪದದ ಪಕ್ಕದಲ್ಲಿ 'ಮನೆ', 'ಯಾಡಿ'ಯ ಪಕ್ಕದಲ್ಲಿ 'ತಾಯಿ' ಕಾಣಿಸಿಕೊಂಡರೆ ಶಿಷ್ಟಕನ್ನಡಕ್ಕೆ ಯಾವ ಹಾನಿಯೂ ಇಲ್ಲ.

6

ಈ ಕಾರ್ಯಕ್ಕೆ ಬೇಕಾದ ಸಾಮಗ್ರಿ ಎಲ್ಲಿದೆ? ಅದು ಬಹುಪಾಲು ಕನ್ನಡ ವಿಭಾಗಗಳ ಕಪಾಟುಗಳಲ್ಲಿಯೇ ಇದೆ. ಯು.ಪಿ. ಉಪಾಧ್ಯಾಯ ಅವರ ನಂಜನಗೂಡು ಕನ್ನಡದ ಅಧ್ಯಯನ, ಕುಶಾಲಪ್ಪ ಗೌಡ ಅವರ ಗೌಡ ಕನ್ನಡದ ಅಧ್ಯಯನ, 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು, ಹಂಪಿ ಕನ್ನಡ ವಿಶ್ವವಿದ್ಯಾಲಯದ ವೃತ್ತಿಪದಕೋಶಗಳು, ಪ್ರತಿಯೊಂದು ಜಿಲ್ಲೆಯಿಂದ ಸಂಗ್ರಹವಾದ ಒಗಟು, ಗಾದೆ, ಶಿಶುಪ್ರಾಸ, ಸ್ಥಳನಾಮಗಳು ಇವೆಲ್ಲ ಲಭ್ಯವಿವೆ. ಇವು ಪದವಿಗಾಗಿ ಸಂಗ್ರಹವಾದವು, ಪ್ರಬಂಧಗಳಿಗೆ ಅನುಬಂಧಗಳಾದವು. ಯಾವ ಮಕ್ಕಳ ಮನೆಗಳಿಂದ ಬಂದವೋ ಆ ಮಕ್ಕಳ ತರಗತಿಗೆ ಮರಳಲಿಲ್ಲ.

ವಿಭಾಗಗಳು ಕೈಗೊಳ್ಳಬಹುದಾದ ಕೆಲಸ ಸ್ಪಷ್ಟವಾಗಿದೆ. ತಮ್ಮ ವ್ಯಾಪ್ತಿಯ ಒಂದೊಂದು ಹೋಬಳಿಯನ್ನು ಆರಿಸಿಕೊಂಡು, ಶಾಲೆಗೆ ಸೇರುವ ಮಕ್ಕಳು ಆಡುವ ಪದಗಳನ್ನು ದಾಖಲಿಸಿ, ಮುನ್ನೂರು ಪದಗಳ ಪಟ್ಟಿಯೊಂದನ್ನು ಶಿಕ್ಷಕರೊಂದಿಗೆ ಸೇರಿ ಸಿದ್ಧಪಡಿಸಬಹುದು. ಸಜಾತೀಯ ಒತ್ತಕ್ಷರಗಳನ್ನು ಮೊದಲ ತಿಂಗಳುಗಳಿಗೆ ತಂದರೆ ಓದಿನ ಗತಿಯಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಕೆಲವು ಶಾಲೆಗಳಲ್ಲಿ ಪರೀಕ್ಷಿಸಿ ನೋಡಬಹುದು. ಈ ಲೇಖನದ ವಾದ ಅಲ್ಲಿ ಸೋತರೂ ಆ ಅರಿವು ಉಪಯುಕ್ತವೇ. ಓದಿನ ತಪ್ಪು ಯಾವುದು, ಪ್ರಾದೇಶಿಕ ಉಚ್ಚಾರಣೆ ಯಾವುದು ಎಂಬ ವಿವೇಚನೆಯನ್ನು ಪ್ರಾಥಮಿಕ ಶಿಕ್ಷಕರ ತರಬೇತಿಯಲ್ಲಿ ಕನ್ನಡದ ಅಧ್ಯಾಪಕರೇ ಹೇಳಿಕೊಡಬಹುದು. ಕನ್ನಡ ಎಂ.ಎ. ಪಠ್ಯಕ್ರಮದಲ್ಲಿ ಆರಂಭಿಕ ಓದನ್ನು ಕುರಿತ ಒಂದು ಪತ್ರಿಕೆಗೆ ಅವಕಾಶ ಕಲ್ಪಿಸಬಹುದು. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ ಮೂರನೆಯ ತರಗತಿಯ ವೇಳೆಗೆ ಪ್ರತಿ ಮಗುವೂ ಓದಬೇಕೆಂಬ ಗುರಿಯನ್ನು ಇರಿಸಿಕೊಂಡಿದೆ. ಆ ಗುರಿಗೆ ಬೇಕಾದ ಕನ್ನಡದ ತಿಳಿವಳಿಕೆ ದೆಹಲಿಯಿಂದ ಬರಲಾರದು.

ಕನ್ನಡ ಶಾಲೆಗಳು ಮುಚ್ಚುತ್ತಿರುವುದರ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ವಿಚಾರಸಂಕಿರಣಗಳು ನಡೆಯುತ್ತಲೇ ಇವೆ. ಅಲ್ಲಿ ಮಂಡನೆಯಾಗುವ ಪ್ರಬಂಧಗಳ ಓದುಗರು ಯಾವ ಶಾಲೆಯಿಂದ ಬರಬೇಕು ಎಂಬುದನ್ನೂ ಅದೇ ವಿಭಾಗಗಳು ಯೋಚಿಸಬೇಕಾಗಿದೆ. ಐದು ವರ್ಷ ಕನ್ನಡ ಶಾಲೆಯಲ್ಲಿ ಕುಳಿತು ಕನ್ನಡವನ್ನು ಓದಲಾರದೆ ಹೊರಬೀಳುವ ಮಗು ಕನ್ನಡ ಮಾಧ್ಯಮದ ವಿರುದ್ಧದ ಅತ್ಯಂತ ಪ್ರಬಲವಾದ ಸಾಕ್ಷಿಯಾಗುತ್ತದೆ. ಆ ಸಾಕ್ಷಿಗೆ ಘೋಷಣೆಗಳಿಂದ ಉತ್ತರಿಸಲಾಗದು. ಮಗು ತನ್ನ ಅವ್ವನ, ಅಪ್ಪನ, ಯಾಡಿಯ ಹೆಸರನ್ನು ಮೊದಲ ತಿಂಗಳಲ್ಲಿಯೇ ಓದುವಂತಾದಾಗ ಉತ್ತರದ ಆರಂಭವಾದರೂ ಆದೀತು.